ಜಾರುವ ರೇಷ್ಮೆ, ಮಗುವಿನ ಫ್ರಾಕು

ದರ್ಜಿಯ ಮುಂದೆ ಹತ್ತಿಯ ಬಟ್ಟೆ ಇಟ್ಟರೆ ಅವನು ಮಾತನಾಡುತ್ತಲೇ ಕತ್ತರಿಸುತ್ತಾನೆ. ಮೈಸೂರು ಕ್ರೇಪ್ ಸೀರೆಯೊಂದನ್ನು ಇಟ್ಟು ‘ಇದರಲ್ಲಿ ಮಗುವಿಗೆ ಫ್ರಾಕು ಆಗಬೇಕು’ ಎಂದರೆ ಮಾತು ನಿಂತುಬಿಡುತ್ತದೆ. ಈಗ ಮಂಡ್ಯ ನಗರದೊಳಗೇ ಸೇರಿಹೋಗಿರುವ ಗುತ್ತಲಿನಂತಹ ಕಡೆ, ತಾಯಿಯ ಮದುವೆ ಸೀರೆ ಮಗಳ ಹಬ್ಬದ ಉಡುಪಾಗುವುದು ಹೊಸ ಸಂಗತಿಯೇನಲ್ಲ. ಆದರೆ ಸೀರೆ ಒಂದೇ. ಕತ್ತರಿ ತಪ್ಪಿದರೆ ಅಂಗಡಿಗೆ ಹೋಗಿ ಅದನ್ನೇ ಮತ್ತೆ ತರಲಾಗದು.

ಈ ಬಟ್ಟೆ ಅಷ್ಟೊಂದು ಹಟಮಾರಿ ಏಕೆ? ಕಾರಣ ನೇಯ್ಗೆಯಲ್ಲೇ ಇದೆ. ಕ್ರೇಪಿಗೆ ರೇಷ್ಮೆಯ ಎಳೆಗಳನ್ನು ಬಹಳ ಬಿಗಿಯಾಗಿ ಹುರಿ ಮಾಡುತ್ತಾರೆ. ಕೆಲವನ್ನು ಬಲಕ್ಕೆ, ಕೆಲವನ್ನು ಎಡಕ್ಕೆ ತಿರುಚಿ ಅಕ್ಕಪಕ್ಕ ಹಾಕಿ ನೇಯುತ್ತಾರೆ. ನೇಯ್ದ ಬಟ್ಟೆಯನ್ನು ಸಾಬೂನು ನೀರಿನಲ್ಲಿ ಕುದಿಸಿದಾಗ ರೇಷ್ಮೆಯ ಮೇಲಿನ ಅಂಟು ಕರಗಿ, ತೂಕದಲ್ಲಿ ಸುಮಾರು ಕಾಲು ಭಾಗ ಇಳಿದುಹೋಗುತ್ತದೆ. ಆಗ ಬಿಚ್ಚಿಕೊಳ್ಳಲು ಹವಣಿಸುವ ಹುರಿಗಳು ಕುಗ್ಗಿ ಮೇಲ್ಮೈಯಲ್ಲಿ ಸಣ್ಣ ಸುಕ್ಕು ಮೂಡುತ್ತದೆ. ಆ ಸುಕ್ಕೇ ಕ್ರೇಪಿನ ಅಂದ, ದರ್ಜಿಗೆ ಅದೇ ತಲೆನೋವು. ಬಟ್ಟೆ ಮೇಜಿನ ಮೇಲೆ ಜಾರುತ್ತದೆ. ಓರೆಯಾಗಿ ಕತ್ತರಿಸಿದರೆ ಜೋತುಬೀಳುತ್ತದೆ. ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಕಲೆಯಾಗುತ್ತದೆ.

ಇದಕ್ಕೆ ಉಪಾಯಗಳೂ ಹುಟ್ಟಿಕೊಂಡಿವೆ. ಮೇಜಿನ ಮೇಲೆ ಹತ್ತಿಯ ದುಪ್ಪಟಿ ಹಾಸಿ ಕತ್ತರಿಸಿದರೆ ರೇಷ್ಮೆ ಜಾರುವುದಿಲ್ಲ. ಬಟ್ಟೆಯ ಕೆಳಗೆ ತೆಳುವಾದ ಕಾಗದ ಇಟ್ಟು ಸಣ್ಣ ಸೂಜಿಯಲ್ಲಿ ಹೊಲಿದು ಆಮೇಲೆ ಕಾಗದವನ್ನು ಹರಿದು ತೆಗೆಯಬಹುದು. ಅಂಚು ಮಡಚುವ ಮೊದಲು ಫ್ರಾಕನ್ನು ಒಂದು ರಾತ್ರಿ ನೇತುಹಾಕಿದರೆ ಜೋತುಬೀಳುವಷ್ಟು ಜೋತುಬಿದ್ದಿರುತ್ತದೆ. ಮಗುವಿನ ಮೈಗೆ ಚುಚ್ಚದಂತೆ ಒಳಗೆ ಮೆತ್ತನೆಯ ಹತ್ತಿಯ ಅಸ್ತರು, ಮುಂದಿನ ವರ್ಷಕ್ಕೆ ಬಿಚ್ಚಲು ಕೆಳಗೆ ಎರಡು ಮಡಿಕೆ. ಬೆಳೆಯುವ ಮಗುವಿನ ಬಟ್ಟೆಯಲ್ಲಿ ಮಡಿಕೆಯೇ ಉಳಿತಾಯ.

ಈ ರೇಷ್ಮೆ ನಮ್ಮ ಸೀಮೆಗೆ ಬಂದ ಬಗೆಯೂ ತಿಳಿಯಬೇಕಾದದ್ದು. ಟಿಪ್ಪು ಸುಲ್ತಾನ್ 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಸಿದ ಪತ್ರವೊಂದು ಉಳಿದುಬಂದಿದೆ. ರೇಷ್ಮೆಹುಳು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಹಿಂದಿರುಗುತ್ತಿದ್ದಾರೆ, ಹುಳುಗಳಿಗೆ ಎಂತಹ ಜಾಗ ಬೇಕೆಂದು ಅವರನ್ನೇ ಕೇಳಿ ಸಿದ್ಧಪಡಿಸು ಎಂಬುದು ಅದರ ಸಾರ. ಹುಕುಂ ಸುಲ್ತಾನನದು, ತಿಳಿವಳಿಕೆ ಮಾತ್ರ ಆ ಇಬ್ಬರದು. ಇಂದಿಗೂ ಮದ್ದೂರು, ಮಳವಳ್ಳಿಗಳಲ್ಲಿ ಹಿಪ್ಪುನೇರಳೆ ತೋಟಗಳಿವೆ. 1896ರಲ್ಲಿ ಜೆಮ್‌ಷೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ಪದ್ಧತಿಯ ರೇಷ್ಮೆ ಫಾರಂ ತೆರೆದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಯಿತು. ಅದು 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು.

ಇಸ್ಲಾಮಿನಲ್ಲಿ ಅಪ್ಪಟ ರೇಷ್ಮೆ ಗಂಡಸರಿಗೆ ನಿಷಿದ್ಧ, ಹೆಂಗಸರಿಗೆ ಅನುಮತಿ ಇದೆ. ಮೈಗೆ ಹತ್ತಿ ತಾಗಿ, ಹೊರಗೆ ರೇಷ್ಮೆ ಹೊಳೆಯುವ ಬಟ್ಟೆಗೆ ‘ಮಶ್ರೂ’, ಅಂದರೆ ಧರ್ಮಸಮ್ಮತ, ಎಂಬ ಹೆಸರು ಬಂದದ್ದು ಈ ಹಿನ್ನೆಲೆಯಲ್ಲೇ. ಏನು ತೊಡಬೇಕು, ಏನು ತೊಡಬಾರದು ಎಂದು ನಾವು ಇಷ್ಟು ಎಚ್ಚರದಿಂದ ವಿಚಾರಿಸುತ್ತೇವೆ. ಅದು ಹೇಗೆ ತಯಾರಾಯಿತು ಎಂದು ವಿಚಾರಿಸುತ್ತೇವೆಯೇ?

2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿನ ಜೀತಮಕ್ಕಳ ಬಗ್ಗೆ ವರದಿ ಪ್ರಕಟಿಸಿತು. ಅದರಲ್ಲಿ ಕರ್ನಾಟಕವೂ ಇತ್ತು. ಕುದಿನೀರಿನಲ್ಲಿ ಬೆಂದ ಗೂಡುಗಳ ನೂಲು ಬಿಚ್ಚುವಾಗ, ಎಳೆಯ ತುದಿ ಹುಡುಕಲು ಸುಡುವ ನೀರಿಗೆ ಕೈ ಅದ್ದುತ್ತಿದ್ದ ಮಕ್ಕಳ ಅಂಗೈಗಳ ಕಥೆ ಅದು. ನಮ್ಮ ಕಡೆಯ ನೂಲು ಬಿಚ್ಚುವ ಘಟಕಗಳಲ್ಲಿ ಮಾಲೀಕರಾಗಿಯೂ ಕೂಲಿಗಳಾಗಿಯೂ ಮುಸ್ಲಿಮರು ಬಹಳ ಮಂದಿ ಇದ್ದಾರೆ. ಆದ್ದರಿಂದ ಇದು ಯಾರೋ ಪರರ ಪಾಪವೆಂದು ಪಕ್ಕಕ್ಕೆ ಸರಿಯಲು ನಮಗೆ ದಾರಿಯಿಲ್ಲ. ಆಮೇಲೆ ಸ್ವಯಂಚಾಲಿತ ಯಂತ್ರಗಳು ಬಂದವು. 2016ರ ತಿದ್ದುಪಡಿ ಕಾನೂನು 14 ವರ್ಷದೊಳಗಿನವರನ್ನು ದುಡಿಮೆಗೆ ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಆದರೆ ಶಾಲೆ ಮುಗಿದ ಮೇಲೆ ಮನೆಯವರ ಅಪಾಯವಿಲ್ಲದ ಕಸುಬಿನಲ್ಲಿ ನೆರವಾಗಬಹುದೆಂಬ ವಿನಾಯಿತಿಯನ್ನೂ ಇಟ್ಟಿತು. ಅಪಾಯ ಯಾವುದು, ನೆರವು ಯಾವುದು ಎಂದು ಮನೆಯ ಬಾಗಿಲೊಳಗೆ ನಿಂತು ಅಳೆಯುವವರು ಯಾರು?

ಹಳೆಯ ಸೀರೆಯಿಂದ ಮಗಳಿಗೆ ಫ್ರಾಕು ಹೊಲಿಸುವುದು ದುಂದಿಲ್ಲದ ಒಳ್ಳೆಯ ಪದ್ಧತಿ. ಅದು ಉಳಿಯಲಿ. ಹೊಸ ರೇಷ್ಮೆ ಕೊಳ್ಳುವಾಗ ಮಾತ್ರ ಬೆಲೆ ಮತ್ತು ಬಣ್ಣದ ಜೊತೆಗೆ ನೂಲು ಬಿಚ್ಚಿದವರ ವಯಸ್ಸನ್ನೂ ಕೇಳೋಣ. ಅಂಗಡಿಯವನಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಹತ್ತು ಜನ ಕೇಳಿದರೆ ಅವನೂ ತನಗೆ ಮಾಲು ಕೊಡುವವನನ್ನು ಕೇಳಿಯಾನು.