ಅಂಗೈಯ ಮಸಿ

ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ ಕಾದಂಬರಿ ಆರಂಭವಾಗುವುದು ಇಂಗ್ಲೆಂಡಿನಲ್ಲಲ್ಲ, ನಮ್ಮ ಶ್ರೀರಂಗಪಟ್ಟಣದಲ್ಲಿ. 1799ನೆಯ ಇಸವಿ ಮೇ 4ರಂದು ಕೋಟೆ ಬಿದ್ದಾಗ ನಡೆದ ಲೂಟಿಯಲ್ಲಿ ಒಬ್ಬ ಇಂಗ್ಲಿಷ್ ಸೇನಾಧಿಕಾರಿ ಟಿಪ್ಪುವಿನ ಆಯುಧಶಾಲೆಗೆ ನುಗ್ಗಿ, ಕಾವಲಿದ್ದವರನ್ನು ಕೊಂದು, ಕಠಾರಿಯ ಹಿಡಿಯಲ್ಲಿ ಕೂರಿಸಿದ್ದ ಹಳದಿಯ ವಜ್ರವೊಂದನ್ನು ಅಪಹರಿಸುತ್ತಾನೆ. ಮುತ್ತಿಗೆ ಚರಿತ್ರೆಗೆ ಸೇರಿದ್ದು. ವಜ್ರ ಮಾತ್ರ ಕಾದಂಬರಿಕಾರನ ಕಲ್ಪನೆ. ಆ ವಜ್ರವನ್ನು ಮರಳಿ ತರುವ ಸಂಕಲ್ಪದಿಂದ ಮೂವರು ಬ್ರಾಹ್ಮಣರು ದೊಂಬರಾಟದವರ ವೇಷದಲ್ಲಿ ಇಂಗ್ಲೆಂಡಿಗೆ ಹೋಗುತ್ತಾರೆ. ಅವರ ಜೊತೆಯಲ್ಲಿ ಒಬ್ಬ ಹುಡುಗನಿದ್ದಾನೆ. ಅವನು ಭಾರತೀಯನಲ್ಲ, ಬಿಳಿಗೂದಲಿನ, ನವುರಾದ ಮೈಕಟ್ಟಿನ ಇಂಗ್ಲಿಷ್ ಬಾಲಕ.

ಒಂದು ಹಳ್ಳಿದಾರಿಯ ಬದಿಯಲ್ಲಿ ಹಿರಿಯ ಬ್ರಾಹ್ಮಣನು ಸೀಸೆಯಿಂದ ಮಸಿಯಂಥ ಕಪ್ಪು ದ್ರವವನ್ನು ಆ ಹುಡುಗನ ಅಂಗೈಗೆ ಸುರಿದು, ನೋಡು ಎನ್ನುತ್ತಾನೆ. ಆ ಇಂಗ್ಲಿಷ್ ಗೃಹಸ್ಥನು ಈ ದಾರಿಯಾಗಿ ಬರುವನೆ? ಅದು ಅವನ ಬಳಿ ಇರುವುದೆ? ಹುಡುಗ ಮಸಿಯನ್ನೇ ದಿಟ್ಟಿಸುತ್ತ ಹೌದು, ಹೌದು ಎನ್ನುತ್ತಾನೆ. ಓದುಗರಿಗೆ ನೆನಪುಳಿಯುವುದು ಈ ಭಾಗ. ಆದರೆ ಇದಕ್ಕೆ ಮುಂಚೆ ಎರಡು ಸಾಲಿನ ಇನ್ನೊಂದು ಪ್ರಸಂಗವಿದೆ. ಹುಡುಗ ಮೊದಲು ಕೈ ನೀಡುವುದಿಲ್ಲ, ಹಿಂದೆ ಸರಿಯುತ್ತಾನೆ. ಆಗ ಹಿರಿಯವನು ಕೋಪಿಸಿಕೊಳ್ಳದೆ ಒಂದು ಪ್ರಶ್ನೆ ಕೇಳುತ್ತಾನೆ: ನಿನ್ನನ್ನು ಲಂಡನ್ನಿಗೆ ಕಳಿಸಿ, ನೀನು ನಮಗೆ ಸಿಕ್ಕ ಸಂತೆಯ ಬರಿದಾದ ಬುಟ್ಟಿಯಲ್ಲೇ ಮತ್ತೆ ಬಿಡೋಣವೆ, ಹಸಿದು, ಚಿಂದಿಯುಟ್ಟು? ಹುಡುಗ ಕೈ ನೀಡುತ್ತಾನೆ.

ಈ ಮಸಿಯಾಟ ಲಂಡನ್ನಿನ ಓದುಗರಿಗೆ ಹೊಸದೇನೂ ಆಗಿರಲಿಲ್ಲ. ಕೈರೋ ನಗರದ ಮಾಂತ್ರಿಕನೊಬ್ಬ ಹುಡುಗನ ಅಂಗೈಯಲ್ಲಿ ಮಸಿ ಹಾಕಿ ದೂರದವರನ್ನು ಕಾಣಿಸುತ್ತಿದ್ದ ಸಂಗತಿಯನ್ನು ಎಡ್ವರ್ಡ್ ಲೇನ್ 1836ರಲ್ಲಿಯೇ ವಿಸ್ತಾರವಾಗಿ ಬರೆದಿದ್ದ. ಅಲ್ಲಿ ಹುಡುಗನಿಗೆ ಮೊದಲು ಕಾಣುವುದು ನೆಲ ಗುಡಿಸುವ ಒಬ್ಬ ಮನುಷ್ಯ. ನಾನು ಅದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಏಕೆಂದರೆ ನಮ್ಮ ಕಡೆ ಅಂಜನ ಹಾಕುವಾಗಲೂ ಮೊದಲು ಕಾಣಬೇಕಾದದ್ದು ಅದೇ: ಆಂಜನೇಯ ಬಂದು ಕಸ ಗುಡಿಸಬೇಕು, ಅನಂತರ ಸಿಂಹಾಸನ ಬರಬೇಕು. ನನಗೆ ಎಂಟು ವರ್ಷವಾಗಿದ್ದಾಗ ನಮ್ಮ ಸೋದರತ್ತೆಯ ಕಿವಿಯ ಓಲೆ ಕಳೆದುಹೋಗಿ, ಅಂಜನದವನು ಬಂದು, ಮನೆಯ ಮಕ್ಕಳಲ್ಲಿ ನನ್ನನ್ನೇ ಆರಿಸಿ ಕೂರಿಸಿದ. ವೀಳ್ಯದೆಲೆಯ ಮೇಲಿನ ಕಾಡಿಗೆಯಲ್ಲಿ ನನಗೆ ಕಂಡದ್ದು ದೀಪದ ಕುಡಿ ಮತ್ತು ನನ್ನ ಮೂಗು. ಆದರೆ ಸುತ್ತ ಕುಳಿತವರೆಲ್ಲ ನನ್ನ ತುಟಿಯನ್ನೇ ನೋಡುತ್ತಿದ್ದರು. ಗುಡಿಸುತ್ತಿದ್ದಾನೆಯೆ ಎಂದರು, ಹೌದು ಎಂದೆ. ಯಾರೋ ಬರುತ್ತಿದ್ದಾರೆಯೆ ಎಂದರು, ಹೌದು ಎಂದೆ. ತಲೆಗೆ ಕೆಂಪು ವಸ್ತ್ರವೆ ಎಂದರು. ನಮ್ಮ ಮನೆಯಲ್ಲಿ ಕೆಂಪು ವಸ್ತ್ರ ಸುತ್ತುತ್ತಿದ್ದವನು ಹಸುಗಳನ್ನು ನೋಡಿಕೊಳ್ಳುತ್ತಿದ್ದ ಆಳು. ಆತ ಮರುವಾರ ಕೆಲಸ ಬಿಟ್ಟು ಹೋದ. ಓಲೆ ಆಮೇಲೆ ಅಕ್ಕಿಯ ಡಬ್ಬದಲ್ಲಿ ಸಿಕ್ಕಿತು.

ಈ ಸ್ವಂತದ ಮಾತನ್ನು ಇಲ್ಲಿಗೆ ಬಿಡುತ್ತೇನೆ. ಈಚಿನ ಇಂಗ್ಲಿಷ್ ಕಾದಂಬರಿಕಾರರಿಗೆ ವಿಕ್ಟೋರಿಯಾ ಕಾಲದ ಲಂಡನ್ ಮೇಲೆ ಬಲು ಮೋಹ. ಗ್ಯಾಸ್ ದೀಪ, ಮಂಜು, ಅನಾಥಾಲಯ. ಅಲ್ಲಿ ಇತರರ ಮನಸ್ಸನ್ನು ಓದಬಲ್ಲ, ಸತ್ತವರೊಡನೆ ಮಾತನಾಡಬಲ್ಲ ಮಕ್ಕಳು. ಅವರನ್ನು ಕಲೆಹಾಕುವ ಒಂದು ಗುಪ್ತ ಸಂಸ್ಥೆ. ಚಾರಿತ್ರಿಕ ಅದ್ಭುತ ಕಾದಂಬರಿ ಎಂದು ಇವನ್ನು ಕರೆಯಬಹುದು. ಇವನ್ನು ಕೀಳಾಗಿ ಕಾಣುವವನು ನಾನಲ್ಲ. ಬತ್ತೀಸ ಪುತ್ಥಳಿಯ ಕಥೆ ಕೇಳಿ ಬೆಳೆದವನು. ಆದರೆ ಈ ಕಾದಂಬರಿಗಳ ‘ಚಾರಿತ್ರಿಕ’ ಎಂಬ ವಿಶೇಷಣವನ್ನು ಹಿಡಿದು ಒಂದು ಪ್ರಶ್ನೆ ಕೇಳಬಹುದು. ಅಂಥ ಮಕ್ಕಳು ನಿಜವಾಗಿ ಇದ್ದರೆ? ಇದ್ದರು. ಅವರನ್ನು ಕಲೆಹಾಕಿದವರೂ ಇದ್ದರು, ಆದರೆ ಗುಪ್ತವಾಗಿ ಅಲ್ಲ. ಆಸ್ಪತ್ರೆಗಳಲ್ಲಿ, ವಿದ್ವತ್ಸಭೆಗಳಲ್ಲಿ, ಅಚ್ಚಾದ ವರದಿಗಳಲ್ಲಿ.

ವಿಕ್ಟೋರಿಯಾ ಪಟ್ಟಕ್ಕೆ ಬಂದ 1837ರಲ್ಲಿಯೇ ಎಲಿಜಬೆತ್ ಓಕಿ ಎಂಬ ಹದಿಹರೆಯದ ಮನೆಗೆಲಸದ ಹುಡುಗಿ ಮೂರ್ಛೆರೋಗವೆಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಆಸ್ಪತ್ರೆಗೆ ಸೇರಿದಳು. ಸ್ವಲ್ಪ ಕಾಲದಲ್ಲಿ ಅವಳ ತಂಗಿ ಜೇನ್ ಸಹ ಬಂದಳು. ಅಲ್ಲಿಯ ವೈದ್ಯ ಪ್ರಾಧ್ಯಾಪಕ ಜಾನ್ ಎಲಿಯಟ್‌ಸನ್ ಸಾಮಾನ್ಯನಲ್ಲ. ಸ್ಟೆಥಾಸ್ಕೋಪನ್ನು ಇಂಗ್ಲೆಂಡಿನಲ್ಲಿ ಮೊದಮೊದಲು ಬಳಸಿದವರಲ್ಲಿ ಒಬ್ಬ, ಡಿಕನ್ಸನ ಸ್ನೇಹಿತ, ಥ್ಯಾಕರೆ ಮುಂದೆ ತನ್ನ ‘ಪೆಂಡೆನಿಸ್’ ಕಾದಂಬರಿಯನ್ನು ಅರ್ಪಿಸಿದ್ದು ಇವನಿಗೇ. ಫ್ರಾನ್ಸಿನಿಂದ ಬಂದ ಡುಪೊಟೆ ಎಂಬಾತನಿಂದ ಮೆಸ್ಮರಿಸಂ ಕಲೆಯನ್ನು ನೋಡಿದ ಎಲಿಯಟ್‌ಸನ್ ಅದನ್ನು ತನ್ನ ರೋಗಿಗಳ ಮೇಲೆ ಪ್ರಯೋಗಿಸತೊಡಗಿದ. ಕೈಯನ್ನು ಮುಖದ ಮುಂದೆ ಮೇಲಿನಿಂದ ಕೆಳಕ್ಕೆ ಆಡಿಸಿದರೆ ಎಲಿಜಬೆತ್ ಒಂದು ಬಗೆಯ ನಿದ್ರಾವಸ್ಥೆಗೆ ಹೋಗುತ್ತಿದ್ದಳು. ಆ ಅವಸ್ಥೆಯಲ್ಲಿ ಅವಳು ಬೇರೆಯೇ ಹೆಣ್ಣು.

ಎಚ್ಚರದಲ್ಲಿ ತಲೆಯೆತ್ತಿ ಮಾತನಾಡದ ಕೆಲಸದ ಹುಡುಗಿ ನಿದ್ರೆಯಲ್ಲಿ ಚೇಷ್ಟೆ ಮಾಡುವಳು, ಹಾಡುವಳು, ಪ್ರಾಧ್ಯಾಪಕನನ್ನು ಏಕವಚನದ ಸಲುಗೆಯಲ್ಲಿ ಕರೆಯುವಳು. 1838ರ ಮೇ ತಿಂಗಳಲ್ಲಿ ಆಸ್ಪತ್ರೆಯ ಉಪನ್ಯಾಸ ಮಂದಿರದಲ್ಲಿ ಪ್ರಭುಗಳು, ಪಾರ್ಲಿಮೆಂಟಿನ ಸದಸ್ಯರು, ವೈದ್ಯರು ಕಿಕ್ಕಿರಿದು ಕುಳಿತ ಪ್ರದರ್ಶನದಲ್ಲಿ ಅವಳು ಒಬ್ಬ ಪ್ರಭುವಿನ ಬಿಳಿಯ ಷರಾಯಿಯನ್ನು ಹೊಗಳಿ ಸಭೆಯನ್ನು ನಗಿಸಿದಳಂತೆ. ಎಚ್ಚರದ ಎಲಿಜಬೆತ್ ಹಾಗೆ ಮಾಡಿದ್ದರೆ ಆ ಸಂಜೆಯೇ ಬೀದಿಪಾಲಾಗುತ್ತಿದ್ದಳು. ಇಂಗ್ಲೆಂಡಿನ ದೊಡ್ಡ ಜನ ಒಬ್ಬ ಕೆಲಸದ ಹುಡುಗಿಯ ಮಾತನ್ನು ಬಾಯಿ ಮುಚ್ಚಿ ಕೇಳಿದ ಅಪರೂಪದ ಸಂದರ್ಭ ಅದು. ಅವಳು ನಟಿಸುತ್ತಿದ್ದಳೆ? ಈ ಒಂದೇ ಪ್ರಶ್ನೆಯ ಸುತ್ತ ಅಂದಿನ ವಾದವೆಲ್ಲ ತಿರುಗಿತು. ಪೂರ್ತಿ ನಟನೆಯೂ ಅಲ್ಲದ, ಪೂರ್ತಿ ನಿಜವೂ ಅಲ್ಲದ ಒಂದು ನಡುಮನೆ ಇದೆ ಎಂಬುದು ಆ ವಾದಿಗಳಿಗೆ ಹೊಳೆಯಲಿಲ್ಲ. ನಮ್ಮ ಹಳ್ಳಿಗಳಲ್ಲಿ ಮೈಮೇಲೆ ದೇವರು ಬಂದ ಸೊಸೆಯರು ಅತ್ತೆಗೆ ಹೇಳುವ ಮಾತುಗಳನ್ನು ಕೇಳಿದವರಿಗೆ ಆ ನಡುಮನೆ ಪರಿಚಿತವೇ.

ಎಲಿಯಟ್‌ಸನ್ ಇಷ್ಟಕ್ಕೆ ನಿಲ್ಲಲಿಲ್ಲ. ನಿಕಲ್ ಲೋಹದಲ್ಲಿ ಆ ಶಕ್ತಿ ತುಂಬಿಕೊಳ್ಳುತ್ತದೆ, ಸೀಸದಲ್ಲಿ ಇಲ್ಲ ಎಂದು ಸಾರಿದ. ‘ಲ್ಯಾನ್ಸೆಟ್’ ಪತ್ರಿಕೆಯ ಸಂಪಾದಕ ಥಾಮಸ್ ವೇಕ್ಲಿ 1838ರ ಆಗಸ್ಟಿನಲ್ಲಿ ಅಕ್ಕತಂಗಿಯರನ್ನು ಬೆಡ್‌ಫರ್ಡ್ ಚೌಕದ ತನ್ನ ಮನೆಗೇ ಕರೆಸಿ ಪರೀಕ್ಷಿಸಿದ. ಎಲಿಜಬೆತ್‌ಳ ಕಣ್ಣಿಗೆ ಮರೆ ಹಿಡಿದು ಅವಳ ಕೈಗೆ ಸೀಸ ಮುಟ್ಟಿಸಿದ. ಪಕ್ಕದಲ್ಲಿದ್ದವನೊಬ್ಬ ಮೊದಲೇ ಗೊತ್ತುಮಾಡಿದಂತೆ, ನಿಕಲನ್ನು ಹೆಚ್ಚು ಒತ್ತಬೇಡಿ ಎಂದು ಕೇಳಿಸುವಂತೆ ಪಿಸುಗುಟ್ಟಿದ. ಅವಳು ಒಡನೆಯೇ ಸೆಟೆದು ಬಿದ್ದಳು. ನಿಜವಾದ ನಿಕಲನ್ನು ತಿಳಿಸದೆ ಮುಟ್ಟಿಸಿದಾಗ ಏನೂ ಆಗಲಿಲ್ಲ. ಪ್ರಯೋಗ ನಿಷ್ಕೃಷ್ಟವಾದದ್ದು, ತೀರ್ಮಾನವೂ ಸರಿಯೇ. ಆದರೆ ವೇಕ್ಲಿಯ ಪತ್ರಿಕೆ ಆ ಹುಡುಗಿಯ ಮೇಲೆ ಹರಿಹಾಯ್ದ ಬಗೆಯನ್ನು ಓದಿದರೆ, ವಿಚಾರಣೆಗೆ ನಿಂತವರು ಪ್ರಾಧ್ಯಾಪಕರೋ ಕೆಲಸದ ಹುಡುಗಿಯೋ ಎಂಬ ಸಂಶಯ ಬರುತ್ತದೆ.

ಆ ವರ್ಷದ ಕೊನೆಯಲ್ಲಿ ಎಲಿಯಟ್‌ಸನ್ ಮಾಡಿದ್ದು ನನಗೆ ಎಲ್ಲಕ್ಕಿಂತ ಕಷ್ಟದ ಸಂಗತಿ. ಮುಸ್ಸಂಜೆಯಲ್ಲಿ ಅವನು ಎಲಿಜಬೆತ್‌ಳನ್ನು ಗಂಡಸರ ವಾರ್ಡಿಗೆ ಕರೆದೊಯ್ದು ಹಾಸಿಗೆಗಳ ನಡುವೆ ನಡೆಸಿದ. ಒಬ್ಬ ರೋಗಿಯ ಬಳಿ ಅವಳು ನಡುಗಿ, ಇಲ್ಲಿ ‘ದೊಡ್ಡ ಜ್ಯಾಕಿ’ ಕುಳಿತಿದ್ದಾನೆ ಎಂದಳು. ಜ್ಯಾಕಿ ಎಂದರೆ ಅವಳ ಪಾಲಿಗೆ ಮೃತ್ಯು. ಆ ರೋಗಿ ಸತ್ತ. ರೋಗಿಗಳಿರುವ ವಾರ್ಡಿನಲ್ಲಿ ಸಾವನ್ನು ಊಹಿಸುವುದು ದಿವ್ಯದೃಷ್ಟಿಯೆ ಎಂದು ಯಾರಾದರೂ ಕೇಳಬಹುದಾಗಿತ್ತು. ಹಾಸಿಗೆಯಲ್ಲಿ ಮಲಗಿದ್ದವರ ಪಾಡೇನು, ಸಾವನ್ನು ಹುಡುಕಲು ಕರೆತಂದ ಆ ಹುಡುಗಿಯ ಪಾಡೇನು ಎಂದೂ ಕೇಳಬಹುದಾಗಿತ್ತು. ಡಿಸೆಂಬರಿನಲ್ಲಿ ಕಾಲೇಜಿನ ಆಡಳಿತ ಮಂಡಲಿ ಮೆಸ್ಮರಿಸಂ ನಿಲ್ಲಿಸಬೇಕೆಂದೂ ಎಲಿಜಬೆತ್‌ಳನ್ನು ಆಸ್ಪತ್ರೆಯಿಂದ ಕಳಿಸಬೇಕೆಂದೂ ಆಜ್ಞೆ ಮಾಡಿತು. ಎಲಿಯಟ್‌ಸನ್ ರಾಜೀನಾಮೆ ಕೊಟ್ಟು ಹೊರಬಂದ. ಅವನಿಗೆ ಶ್ರೀಮಂತ ರೋಗಿಗಳಿದ್ದರು, 1843ರಲ್ಲಿ ‘ಜೊಯಿಸ್ಟ್’ ಎಂಬ ಸ್ವಂತ ಪತ್ರಿಕೆಯನ್ನೂ ಹೊರಡಿಸಿದ. ಹುಡುಗಿಗೆ ಅದಾವುದೂ ಇರಲಿಲ್ಲ.

ಎಲಿಯಟ್‌ಸನ್ 1868ರ ಜುಲೈನಲ್ಲಿ ತೀರಿಕೊಂಡಾಗ ‘ಮೂನ್‌ಸ್ಟೋನ್’ ಡಿಕನ್ಸನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಮುಗಿಯುತ್ತ ಬಂದಿತ್ತು. ಆ ಕಾದಂಬರಿಯ ಗಂಟು ಬಿಚ್ಚುವಲ್ಲಿ ಎಲಿಯಟ್‌ಸನ್ನನ ಶರೀರಶಾಸ್ತ್ರ ಗ್ರಂಥವನ್ನೇ ಹೆಸರು ಹೇಳಿ ಆಧಾರ ಮಾಡಿಕೊಳ್ಳಲಾಗಿದೆ. ಆದರೆ ಮಸಿ ನೋಡುವ ಹುಡುಗನ ವಿಷಯದಲ್ಲಿ ಕಾಲಿನ್ಸ್ ಎಲಿಯಟ್‌ಸನ್ನನಿಗಿಂತ ಎಚ್ಚರವಾಗಿದ್ದ. ಭಾರತವನ್ನು ಬಲ್ಲ ಮರ್ತ್‌ವೇಟ್ ಎಂಬ ಪಾತ್ರದ ಬಾಯಲ್ಲಿ ಅವನು ಹೇಳಿಸುವುದಿಷ್ಟು: ಪ್ರಶ್ನೆ ಕೇಳುವವನ ಮನಸ್ಸಿನಲ್ಲಿ ಆಗಲೇ ಇದ್ದದ್ದನ್ನು ಆ ಹುಡುಗ ಪ್ರತಿಬಿಂಬಿಸಿದ್ದಾನೆ.

ಹದಿಮೂರು ವರ್ಷಗಳ ಮೇಲೆ ವಿದ್ವಾಂಸರು ಮತ್ತೆ ಮಕ್ಕಳ ಮುಂದೆ ಕುಳಿತರು. ಈ ಸಲ ಆಸ್ಪತ್ರೆಯಲ್ಲಿ ಅಲ್ಲ, ಡಾರ್ಬಿಶೈರಿನ ಬಕ್ಸ್‌ಟನ್ ಊರಿನ ಪಾದ್ರಿ ಕ್ರೀರಿಯವರ ಮನೆಯ ಹಜಾರದಲ್ಲಿ. ಅವರ ಐವರು ಹೆಣ್ಣುಮಕ್ಕಳು ಒಂದು ಆಟದಲ್ಲಿ ಪ್ರವೀಣರು. ಒಬ್ಬಳನ್ನು ಹೊರಗೆ ಕಳಿಸಿ ಉಳಿದವರು ಒಂದು ಇಸ್ಪೀಟಿನ ಎಲೆಯನ್ನೋ ಮನೆಯ ವಸ್ತುವನ್ನೋ ಮನಸ್ಸಿನಲ್ಲಿ ಹಿಡಿಯುವುದು; ಅವಳು ಬಂದು ಬಾಗಿಲ ಬಳಿ ನೆಲ ನೋಡುತ್ತ ನಿಂತು ಅದನ್ನು ಹೇಳುವುದು. 1881ರಲ್ಲಿ ಡಬ್ಲಿನ್ನಿನ ಭೌತವಿಜ್ಞಾನದ ಪ್ರಾಧ್ಯಾಪಕ ವಿಲಿಯಂ ಬ್ಯಾರೆಟ್ ಇದನ್ನು ನೋಡಿ ಬೆರಗಾದರು. ಮರುವರ್ಷ ಲಂಡನ್ನಿನಲ್ಲಿ ಅತೀಂದ್ರಿಯ ಸಂಶೋಧನಾ ಸಂಘ ಹುಟ್ಟಿತು. ಕೇಂಬ್ರಿಜಿನ ನೀತಿಶಾಸ್ತ್ರಜ್ಞ ಹೆನ್ರಿ ಸಿಜ್‌ವಿಕ್ ಅಧ್ಯಕ್ಷರು. ಅದರ ಮೊದಲ ವರದಿಗಳ ಮುಖ್ಯ ಸಾಕ್ಷಿಗಳು ಈ ಹುಡುಗಿಯರೇ. ಇಂದು ನಾವು ಸಲೀಸಾಗಿ ಬಳಸುವ ‘ಟೆಲಿಪತಿ’ ಎಂಬ ಶಬ್ದವನ್ನು ಆ ಸಂಘದ ಫ್ರೆಡರಿಕ್ ಮೈಯರ್ಸ್ ಟಂಕಿಸಿದ್ದು ಅದೇ 1882ರಲ್ಲಿ.

ಈ ವಿದ್ವಾಂಸರನ್ನು ಮರುಳರೆಂದು ನಗುವುದು ಸುಲಭ, ಆದರೆ ನ್ಯಾಯವಲ್ಲ. ಡಾರ್ವಿನ್ನನ ಗ್ರಂಥ ಬಂದು ಇಪ್ಪತ್ತು ವರ್ಷ ಕಳೆದಿತ್ತು. ಸಿಜ್‌ವಿಕ್ ಧರ್ಮಶ್ರದ್ಧೆ ಸಡಿಲವಾಯಿತೆಂದು 1869ರಲ್ಲಿ ಕಾಲೇಜಿನ ಫೆಲೋಷಿಪ್ಪನ್ನೇ ಬಿಟ್ಟುಕೊಟ್ಟ ಪ್ರಾಮಾಣಿಕ. ಮನಸ್ಸು ದೇಹಕ್ಕೆ ಕಟ್ಟುಬಿದ್ದದ್ದಲ್ಲ ಎಂಬುದಕ್ಕೆ ಒಂದು ಸಣ್ಣ ಪ್ರಮಾಣ ಸಿಕ್ಕಿದ್ದರೂ ಅವರಿಗೆ ಅದು ಕತ್ತಲೆಯಲ್ಲಿ ಕಿಟಕಿ ತೆರೆದಂತೆ. ಆ ಕಿಟಕಿಯ ಭಾರವನ್ನೆಲ್ಲ ಪಾದ್ರಿಯ ಮನೆಯ ಹುಡುಗಿಯರು ಹೊರಬೇಕಾಯಿತು. ವರ್ಷ ಕಳೆದಂತೆ ಅವರ ಊಹೆಗಳು ತಪ್ಪತೊಡಗಿದವು. 1887ರಲ್ಲಿ ಕೇಂಬ್ರಿಜಿನಲ್ಲಿ ನಡೆದ ಪರೀಕ್ಷೆಯಲ್ಲಿ ಅಕ್ಕತಂಗಿಯರು ಸಂಕೇತ ಬಳಸುತ್ತಿದ್ದುದು ಬಯಲಾಯಿತು: ಕಣ್ಣು ಮೇಲೆತ್ತಿದರೆ ಇಸ್ಪೀಟಿನ ಒಂದು ಬಣ್ಣ, ಕೆಳಗಿಳಿಸಿದರೆ ಇನ್ನೊಂದು, ನಡುವೆ ತೆರೆ ಕಟ್ಟಿದಾಗ ಕಾಲನ್ನು ಜಮಖಾನಕ್ಕೆ ಉಜ್ಜುವ ಸದ್ದು, ಕೆಮ್ಮು, ಆಕಳಿಕೆ. ಹಿಂದಿನ ಕೆಲವು ಪ್ರಯೋಗಗಳಲ್ಲೂ ಹೀಗೆಯೇ ಮಾಡಿದ್ದುಂಟು ಎಂದು ಅವರು ಒಪ್ಪಿಕೊಂಡರು. ಸಂಘದ ಎಡ್ಮಂಡ್ ಗರ್ನಿ ಅದನ್ನು ಮುಚ್ಚಿಡದೆ ಅಚ್ಚು ಮಾಡಿಸಿದ. ಇದು ಮೆಚ್ಚಬೇಕಾದ ಮಾತು. ಅವನು 1888ರ ಜೂನಿನಲ್ಲಿ, ನಲವತ್ತೊಂದರ ವಯಸ್ಸಿನಲ್ಲಿ, ಬ್ರೈಟನ್ನಿನ ಹೋಟೆಲೊಂದರ ಕೋಣೆಯಲ್ಲಿ ಕ್ಲೋರೋಫಾರ್ಮಿನಿಂದ ಸತ್ತುಬಿದ್ದಿದ್ದ. ಅಪಘಾತವೆಂದು ತೀರ್ಪಾಯಿತು. ಬ್ಯಾರೆಟ್ ಮಾತ್ರ ತಾವು ಮೊದಲು ನೋಡಿದ್ದು ಸುಳ್ಳಲ್ಲವೆಂದೇ ಕೊನೆಯವರೆಗೂ ನಂಬಿದ್ದರು.

ಅದೇ 1888ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ರಂಗಮಂದಿರವೊಂದರಲ್ಲಿ ಮಾರ್ಗರೆಟ್ ಫಾಕ್ಸ್ ಎಂಬ ಹೆಂಗಸು ಬೂಟು ಕಳಚಿ, ಕಾಲ್ಬೆರಳಿನ ಕೀಲಿನಿಂದ ಟಕಟಕ ಸದ್ದು ಮಾಡಿ ತೋರಿಸಿದಳು. ನಲವತ್ತು ವರ್ಷಗಳ ಹಿಂದೆ ಅವಳೂ ಅವಳ ತಂಗಿ ಕೇಟಳೂ ಬಾಲಕಿಯರಾಗಿದ್ದಾಗ ಮನೆಯಲ್ಲಿ ಪ್ರೇತಗಳ ಸದ್ದೆಂದು ನಂಬಿಸಿದ್ದು ಇದನ್ನೇ. ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಲಕ್ಷಾಂತರ ಜನರ ಪ್ರೇತವಾದ ಹುಟ್ಟಿದ್ದು ಅಲ್ಲಿಂದ. ಮರುವರ್ಷ ಅವಳು ತನ್ನ ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಂಡಳು. ಇಬ್ಬರೂ ಕುಡಿತದಲ್ಲಿ, ಬಡತನದಲ್ಲಿ ತೀರಿಕೊಂಡರು.

ಕ್ರೀರಿ ಸೋದರಿಯರ ಊಹೆಗಳ ಪಟ್ಟಿಗಳು ಸಂಘದ ವರದಿಗಳಲ್ಲಿ ಪುಟಗಟ್ಟಲೆ ಇವೆ: ಯಾವ ಎಲೆ ಹಿಡಿದದ್ದು, ಎಷ್ಟನೆಯ ಸಲಕ್ಕೆ ಸರಿಯಾಗಿ ಹೇಳಿದ್ದು. ನಾನು ಅವುಗಳನ್ನು ತಿರುವುತ್ತ ಹುಡುಕಿದ್ದು ಬೇರೊಂದನ್ನು: ಈ ಆಟ ನಿಮಗೆ ಸಾಕಾಯಿತೆ ಎಂದು ಆ ಮಕ್ಕಳನ್ನು ಯಾರಾದರೂ ಕೇಳಿದರೆ? ಅಂಥ ಪ್ರಶ್ನೆ ನನ್ನ ಕಣ್ಣಿಗೆ ಬೀಳಲಿಲ್ಲ. ಕಾಲಿನ್ಸನ ಕಾದಂಬರಿಯಲ್ಲಿ ಹಿಂದೆ ಸರಿಯುವ ಆ ಹುಡುಗ, ಅವನ ಬರಿದಾದ ಬುಟ್ಟಿ, ಆ ಎರಡು ಸಾಲು, ಇದೊಂದೇ ನನಗೆ ಸಿಕ್ಕಿದ್ದು. ಅಲ್ಲಿಯೂ ಕೊನೆಯ ಪುಟ ಹುಡುಗನದಲ್ಲ. ಕಾಠಿಯಾವಾಡದ ಒಂದು ಬೆಟ್ಟದ ಮೇಲೆ, ಬೆಳದಿಂಗಳಲ್ಲಿ, ಚಂದ್ರದೇವನ ಹಣೆಗೆ ಮರಳಿದ ವಜ್ರ ಹೊಳೆಯುತ್ತದೆ. ಸಾವಿರಾರು ಜನ ಅದರ ಎದುರಿಗೆ ನಿಂತಿದ್ದಾರೆ.