ಸ್ಟೀರಿಯೊ ಸ್ಲೈಡ್ ವೀಕ್ಷಕ: ಹಳೆಯ ಉಪಕರಣಕ್ಕೆ ಹೊಸ ಮಸೂರ

ಒಂದೇ ದೃಶ್ಯದ ಎಡ ಮತ್ತು ಬಲ ಚಿತ್ರಗಳನ್ನು ಎರಡು ಕಣ್ಣಿಗೆ ಬೇರೆಬೇರೆಯಾಗಿ ತೋರಿಸಿ ಆಳದ ಅನುಭವ ಕೊಡುವ ಕೈಯುಪಕರಣವೇ ಸ್ಟೀರಿಯೊ ಸ್ಲೈಡ್ ವೀಕ್ಷಕ. ಇದರ ಹಿಂದಿನ ತತ್ತ್ವವನ್ನು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ವಿವರಿಸಿದ್ದ. ಆದರೆ ಸಂಗ್ರಾಹಕರ ಬಳಿ ಈಗ ಉಳಿದಿರುವ ಸ್ಲೈಡ್ ವೀಕ್ಷಕಗಳಲ್ಲಿ ಬಹಳಷ್ಟು ಎರಡನೆಯ ಮಹಾಯುದ್ಧದ ನಂತರದವು. ಸೀಟನ್ ರಾಕ್‌ವೈಟ್ ವಿನ್ಯಾಸಗೊಳಿಸಿದ ‘ಸ್ಟೀರಿಯೊ ರಿಯಲಿಸ್ಟ್’ ಕ್ಯಾಮೆರಾವನ್ನು ಅಮೆರಿಕದ ಮಿಲ್ವಾಕಿಯ ಡೇವಿಡ್ ವೈಟ್ ಕಂಪನಿ 1947ರಲ್ಲಿ ಮಾರುಕಟ್ಟೆಗೆ ತಂದಿತು. 35 ಮಿ.ಮೀ. ಫಿಲ್ಮಿನಲ್ಲಿ ಸ್ಟೀರಿಯೊ ಚಿತ್ರ ತೆಗೆಯುವುದು ಅಲ್ಲಿಂದ ಜನಪ್ರಿಯ ಹವ್ಯಾಸವಾಯಿತು. ಕೊಡಾಕ್ ಕೂಡ 1954ರಲ್ಲಿ ತನ್ನ ಸ್ಟೀರಿಯೊ ಕ್ಯಾಮೆರಾ ಹೊರತಂದಿತು. ಕತ್ತಲಲ್ಲಿ ಜೋಪಾನವಾಗಿಟ್ಟ ಕೊಡಾಕ್ರೋಮ್ ಸ್ಲೈಡಿನ ಬಣ್ಣ ದಶಕಗಳ ನಂತರವೂ ಅಷ್ಟಾಗಿ ಮಾಸಿರುವುದಿಲ್ಲ. ಫಿಲ್ಮಿನಲ್ಲಿರುವಷ್ಟು ವಿವರವನ್ನು ಅಗ್ಗದ ವೀಕ್ಷಕ ತೋರಿಸಲಾರದು. ಹಾಗಾಗಿಯೇ ಮಸೂರ ಬದಲಿಸುವ ಯೋಚನೆ ಹುಟ್ಟುತ್ತದೆ. ಯೋಚನೆ ಸರಿಯಾದದ್ದೇ. ಆದರೆ ಎರಡು ಕಣ್ಣಿನ ಉಪಕರಣದಲ್ಲಿ ‘ಉತ್ತಮ ಮಸೂರ’ ಎಂಬುದನ್ನು ಬಿಡಿಯಾಗಿ ಅಳೆಯಲಾಗದು, ಜೋಡಿಯಾಗಿಯೇ ಅಳೆಯಬೇಕು.

ಅಗ್ಗದ ಮಾದರಿಗಳಲ್ಲಿರುವುದು ಕಣ್ಣಿಗೊಂದರಂತೆ ಬಿಡಿ ಪೀನ ಮಸೂರ, ಗಾಜಿನದೋ ಅಕ್ರಿಲಿಕ್‌ನದೋ. ಅದು ಕೆಂಪನ್ನೂ ನೀಲಿಯನ್ನೂ ಒಂದೇ ಪ್ರಮಾಣದಲ್ಲಿ ಬಾಗಿಸುವುದಿಲ್ಲ. ಸಂಗಮದೂರ 44 ಮಿ.ಮೀ. ಇದ್ದು ಕಣ್ಣು ಮಸೂರದಿಂದ 20 ಮಿ.ಮೀ. ಹಿಂದಿದೆ ಎಂದುಕೊಂಡರೆ, ಸುಮಾರು 21 ಮಿ.ಮೀ. ಅಗಲದ ಚಿತ್ರದ ಅಂಚಿನಲ್ಲಿ ಬಣ್ಣಗಳು ಹೆಚ್ಚುಕಡಿಮೆ 6 ಕೋನನಿಮಿಷದಷ್ಟು ಬೇರ್ಪಡುತ್ತವೆ. ಸಾಮಾನ್ಯ ಕಣ್ಣು 1 ಕೋನನಿಮಿಷದ ವ್ಯತ್ಯಾಸವನ್ನೇ ಗುರುತಿಸಬಲ್ಲದು. ಹಾಗಾಗಿ ಬಿಳಿ ಆಕಾಶದೆದುರಿನ ಕೊಂಬೆಗೆ ಬಣ್ಣದ ಅಂಚು ಎದ್ದು ಕಾಣುತ್ತದೆ. ಕ್ರೌನ್ ಗಾಜಿನ ಪೀನ ಮಸೂರಕ್ಕೆ ಫ್ಲಿಂಟ್ ಗಾಜಿನ ನಿಮ್ನ ಮಸೂರವನ್ನು ಅಂಟಿಸಿದ ಅಕ್ರೊಮ್ಯಾಟ್ ಈ ದೋಷವನ್ನು ಬಹುಪಾಲು ಅಳಿಸುತ್ತದೆ. ಚಿತ್ರದ ನಡುಭಾಗದಲ್ಲಿ ಮಾತ್ರ ದೊಡ್ಡ ಬದಲಾವಣೆ ನಿರೀಕ್ಷಿಸಬಾರದು. ಬೆಳಕಿನ ಸ್ಲೈಡು ನೋಡುವಾಗ ಕಣ್ಣಿನ ಪಾಪೆ ಕೆಲವೇ ಮಿ.ಮೀ. ತೆರೆದಿರುವುದರಿಂದ, ಮಸೂರ ಎಷ್ಟೇ ಅಗಲವಿದ್ದರೂ ಒಂದು ಗಳಿಗೆಗೆ ಬಳಕೆಯಾಗುವುದು ಅದರ ಸಣ್ಣ ತುಣುಕು. ಆ ತುಣುಕಿನ ಮಟ್ಟಿಗೆ ಬಿಡಿ ಮಸೂರವೂ ಪರವಾಗಿಲ್ಲ. ಅಕ್ರೊಮ್ಯಾಟಿನ ಹೆಚ್ಚು ಉಬ್ಬಿದ ಮುಖ ಕಣ್ಣಿನ ಕಡೆಗಿರಬೇಕು ಎಂಬ ಪಠ್ಯಪುಸ್ತಕದ ನಿಯಮವನ್ನೂ ಇದೇ ಕಾರಣಕ್ಕೆ ಕಣ್ಣುಮುಚ್ಚಿ ನಂಬಬೇಕಿಲ್ಲ. ಎರಡೂ ರೀತಿ ಕೂರಿಸಿ, ಯಾವುದರಲ್ಲಿ ಮೂಲೆಗಳು ಸ್ಪಷ್ಟವಾಗಿವೆಯೋ ಅದನ್ನು ಉಳಿಸಿಕೊಳ್ಳುವುದು ಮೇಲು.

ಸಂಗಮದೂರದ ಆಯ್ಕೆಯಲ್ಲಿ ಬಲವಾದ ವಾದವೊಂದಿದೆ: ರಿಯಲಿಸ್ಟ್ ಕ್ಯಾಮೆರಾದ ಮಸೂರ 35 ಮಿ.ಮೀ.ನದು, ವೀಕ್ಷಕದ್ದೂ ಅಷ್ಟೇ ಇದ್ದರೆ ದೃಶ್ಯ ತನ್ನ ನಿಜವಾದ ಕೋನದಲ್ಲಿ ಕಾಣುತ್ತದೆ. ಲೆಕ್ಕ ತಪ್ಪಲ್ಲ. 44 ಮಿ.ಮೀ. ಮಸೂರದಲ್ಲಿ ಸುಮಾರು 27 ಡಿಗ್ರಿ ಇರುವ ದೃಶ್ಯದ ಅಗಲ 35ರಲ್ಲಿ 33 ಡಿಗ್ರಿಯಾಗುತ್ತದೆ, ಕಾಲುಭಾಗದಷ್ಟು ಹಿಗ್ಗಿದ್ದ ಆಳವೂ ಸರಿಹೋಗುತ್ತದೆ. ಆದರೆ ವರ್ಧನ ಹೆಚ್ಚಿದಂತೆ ಫಿಲ್ಮಿನ ಕಣ, ಧೂಳು, ರಟ್ಟಿನ ಚೌಕಟ್ಟಿನಲ್ಲಿ ಉಬ್ಬಿದ ಫಿಲ್ಮು ಎಲ್ಲವೂ ದೊಡ್ಡದಾಗುತ್ತವೆ. ಮಸೂರವನ್ನು ಸ್ಲೈಡಿಗೆ 9 ಮಿ.ಮೀ.ನಷ್ಟು ಹತ್ತಿರ ತರಬೇಕು; ಹಳೆಯ ಫೋಕಸ್ ತಿರುಪು ಅಷ್ಟು ದೂರ ಸರಿಯದಿದ್ದರೆ ಕವಚವನ್ನೇ ಕೊರೆಯಬೇಕಾದೀತು. 40ರ ಆಸುಪಾಸಿನ ಮಸೂರಕ್ಕೆ ತೃಪ್ತಿಪಡುವುದು ಎಷ್ಟೋ ವೀಕ್ಷಕಗಳಲ್ಲಿ ಜಾಣತನ.

ನಿಜವಾದ ಪರೀಕ್ಷೆ ಇರುವುದು ಜೋಡಣೆಯಲ್ಲಿ. ಒಂದು ಮಸೂರ 44, ಇನ್ನೊಂದು 45 ಮಿ.ಮೀ. ಆದರೆ ಎರಡು ಚಿತ್ರಗಳ ಗಾತ್ರ ಶೇ. 2ಕ್ಕೂ ಹೆಚ್ಚು ಬೇರೆಯಾಗುತ್ತದೆ. ಒಂದರ ಕೇಂದ್ರ 1 ಮಿ.ಮೀ. ಮೇಲೆ ಕೂತರಂತೂ ಆ ಚಿತ್ರ ಸುಮಾರು 1.3 ಡಿಗ್ರಿ ಕೆಳಗೆ ಜರುಗುತ್ತದೆ. ಕಣ್ಣುಗಳು ಒಳಮುಖವಾಗಿ ಸಲೀಸಾಗಿ ಹೊರಳುತ್ತವೆ, ಆದರೆ ಒಂದು ಮೇಲೆ ಒಂದು ಕೆಳಗೆ ನೋಡುವ ಶಕ್ತಿ ಅವುಗಳಿಗೆ ಅತ್ಯಲ್ಪ, ಫಲ ತಲೆನೋವು. ದುಬಾರಿ ಅಕ್ರೊಮ್ಯಾಟನ್ನು ಸೊಟ್ಟಗೆ ಕೂರಿಸಿದ ವೀಕ್ಷಕಕ್ಕಿಂತ ಅಗ್ಗದ ಬಿಡಿ ಮಸೂರ ನೆಟ್ಟಗಿರುವುದೇ ವಾಸಿ. ಹಾಗಾಗಿ ಒಂದೇ ತಯಾರಿಕೆಯ ಜೋಡಿಯನ್ನು ಕೊಂಡು, ಹಳೆಯ ಮಸೂರದ ಕುಳಿಯಲ್ಲೇ ಉಂಗುರ ಕೂರಿಸಿ ಬಿಗಿಯುವುದು ಉತ್ತಮ ಮಾರ್ಗ. ಪುರಾತನ ವಸ್ತುವನ್ನು ಕೆಡಿಸಬಾರದೆಂಬ ಸಂಗ್ರಾಹಕರ ಆಕ್ಷೇಪಕ್ಕೂ ಇದೇ ಉತ್ತರ: ಕೊರೆಯದೆ, ಅಂಟು ಹಾಕದೆ ಕೂರಿಸಿದ್ದನ್ನು ಯಾವಾಗ ಬೇಕಾದರೂ ತೆಗೆದು ಮೂಲ ಮಸೂರ ಹಾಕಬಹುದು. ಮಬ್ಬಿಗೆ ಬಲ್ಬೇ ಕಾರಣ, ಮಸೂರವಲ್ಲ ಎನ್ನುವವರ ಮಾತಿನಲ್ಲೂ ಅರ್ಧ ಸತ್ಯವಿದೆ. ಟಾರ್ಚ್ ಬಲ್ಬಿನ ಹಳದಿ ಬೆಳಕಿನ ಬದಲು ಒಳ್ಳೆಯ ಎಲ್‌ಇಡಿ ಹಾಕಿದರೆ ಬಣ್ಣ ಗೆಲುವಾಗುತ್ತದೆ. ಆದರೆ ಹೊಳಪು ಏರಿದಷ್ಟೂ ಅಂಚಿನ ಬಣ್ಣದ ಗೆರೆ ಇನ್ನಷ್ಟು ಢಾಳಾಗಿ ಕಾಣುತ್ತದೆ.

ಮೊದಲೇ ಅಕ್ರೊಮ್ಯಾಟ್ ಇರುವ ಮೇಲ್ದರ್ಜೆಯ ವೀಕ್ಷಕಗಳೂ ಉಂಟು. ಮಸೂರವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದರೆ ಬಿಡಿ ಮಸೂರದಲ್ಲಿ ದೀಪದ ಎರಡು ಪ್ರತಿಬಿಂಬ ಕಾಣುತ್ತವೆ. ಅಂಟಿಸಿದ ಜೋಡಿಯಲ್ಲಿ ಅವುಗಳ ಜೊತೆಗೆ ಮಸುಕಾದ ಮೂರನೆಯದೂ ಇರುತ್ತದೆ. ಮೂರನೆಯದು ಕಂಡರೆ ಮಸೂರ ಬದಲಿಸುವ ಅಗತ್ಯವಿಲ್ಲ, ಶುಚಿಗೊಳಿಸಿದರೆ ಸಾಕು. ಆದರೆ ಎರಡು ಗಾಜಿನ ನಡುವಿನ ಹಳೆಯ ಬಾಲ್ಸಮ್ ಅಂಟು ಅಂಚಿನಿಂದ ಬಿಟ್ಟುಕೊಂಡು ಮಂಜುಗಟ್ಟಿದ್ದರೆ ಒರೆಸಿ ಪ್ರಯೋಜನವಿಲ್ಲ. ಆಗ ಒಂದೇ ಕಡೆ ಕೆಟ್ಟಿದ್ದರೂ ಎರಡನ್ನೂ ಬದಲಿಸಬೇಕು.