ಕಾಲೇಜು ಶಿಕ್ಷಣಕ್ಕೆ ಹಣಕಾಸಿನ ನೆರವು: ಚಿಕ್ಕಬಳ್ಳಾಪುರ ಜಿಲ್ಲೆಯ ಚರಿತ್ರೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಮಕ್ಕಳ ಕಾಲೇಜು ಓದಿಗೆ ಒದಗಿದ ವಿದ್ಯಾರ್ಥಿವೇತನ, ಶುಲ್ಕ ರಿಯಾಯಿತಿ, ವಿದ್ಯಾರ್ಥಿ ನಿಲಯ ಮತ್ತು ಸಾಲಗಳ ಚರಿತ್ರೆ. ಈ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಆದ್ದರಿಂದ ಅದಕ್ಕೆ ಹಿಂದಿನ ವಿವರಗಳು ಕೋಲಾರದ ಲೆಕ್ಕದಲ್ಲೇ ಬೆರೆತಿವೆ. ಆಡುಮಾತಿನ ‘ಸ್ಕಾಲರ್‌ಶಿಪ್’ ಎಂಬುದು ತೀರಿಸಬೇಕಿಲ್ಲದ ವೇತನಕ್ಕೂ ಶುಲ್ಕ ಮರುಪಾವತಿಗೂ ಒಮ್ಮೊಮ್ಮೆ ನಿಗಮದ ಸಾಲಕ್ಕೂ ಸಲ್ಲುವುದರಿಂದ ಗೊಂದಲ ಹೆಚ್ಚಿದೆ.

ಸಂಸ್ಥಾನದ ಕಾಲ

ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ವರ್ಷ 1860 ಎಂದು ಕೆಲವರು, 1861 ಎಂದು ಕೆಲವರು ಬರೆಯುತ್ತಾರೆ. ಬೀದಿದೀಪದ ಕೆಳಗೆ ಓದಿದರೆಂಬ ಕಥೆ ಜನಜನಿತ. ಓದಿನ ಖರ್ಚಿನ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಅವರು ಮನೆಪಾಠ ಹೇಳಿ ಖರ್ಚು ತೂಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಆಗ ನೆರವಿನ ಅಳತೆಗೋಲು ಪ್ರತಿಭೆ.

ಊಟಕ್ಕೆ ವಾರಾನ್ನವಿತ್ತು: ದಿನಕ್ಕೊಂದು ಮನೆಯಂತೆ ವಾರವೆಲ್ಲ ಉಂಡು ಓದುವ ಪದ್ಧತಿ. ಜಾತಿಯ ಎಲ್ಲೆ ಮೀರದ ಈ ಏರ್ಪಾಡು ಬಹುಪಾಲು ಬ್ರಾಹ್ಮಣ ಹುಡುಗರಿಗೇ ಸಿಕ್ಕಿತು. ಉಳಿದವರಿಗೆ ಸಮುದಾಯಗಳ ಸಂಘಗಳು ಕಟ್ಟಿದ ವಿದ್ಯಾರ್ಥಿ ನಿಲಯಗಳೇ ಆಸರೆಯಾದವು. 1918ರ ಮಿಲ್ಲರ್ ಸಮಿತಿಯ ಮುಂದೆ ಸರ್ಕಾರಿ ಉದ್ಯೋಗದ ಜೊತೆಗೆ ಹಿಂದುಳಿದವರ ವಿದ್ಯಾಭ್ಯಾಸದ ಪ್ರಶ್ನೆಯೂ ಇತ್ತು. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಮೀಸಲಾತಿಯ ಬಗೆಗಿನ ಭಿನ್ನಾಭಿಪ್ರಾಯವೇ ಇದಕ್ಕೆ ಕಾರಣವೆಂದು ಹೇಳುವುದುಂಟು.

ಹತ್ತಿರದ ಕಾಲೇಜು

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ (1920–2005) ಪ್ರೌಢಶಾಲೆಗೆಂದು 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಅವರ ಶ್ರಮದಿಂದ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ಬಂದವು. ನೆರವಿನ ಪಟ್ಟಿಗಳಲ್ಲಿ ಇದು ಕಾಣದಿದ್ದರೂ ಪರಸ್ಥಳದ ಬಾಡಿಗೆ, ಊಟದ ಖರ್ಚು ಉಳಿಸಿದ್ದು ಇಂಥ ಕಾಲೇಜುಗಳೇ.

ವೇತನ ಮತ್ತು ಸಾಲ

ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಆರಂಭವಾಯಿತು. ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಬಂದದ್ದು 1963ರಲ್ಲಿ. 1975ರ ಹಾವನೂರು ವರದಿ ಹಿಂದುಳಿದ ವರ್ಗಗಳ ಸವಲತ್ತುಗಳಿಗೆ ಹೊಸ ಆಧಾರ ಒದಗಿಸಿತು. ಖಾಸಗಿ ವೃತ್ತಿ ಕಾಲೇಜುಗಳು ಹೆಚ್ಚಿದಂತೆ ಶುಲ್ಕವೂ ಏರಿ, 1984ರಲ್ಲಿ ರಾಜ್ಯ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿತು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ 2001ರದು. ಇದರಲ್ಲಿ ಓದು ಮುಗಿಯುವವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಬೆಳೆಯುತ್ತಿರುತ್ತದೆ. ವರ್ಷಕ್ಕೆ ₹4.5 ಲಕ್ಷದೊಳಗಿನ ಆದಾಯದ ಮನೆಗಳಿಗೆ ಈ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ 2009ರಲ್ಲಿ ಬಂತು. ರಾಜ್ಯದ ನಿಗಮಗಳ ‘ಅರಿವು’ ಸಹ ಸಾಲವೇ. ಬಡ್ಡಿ ಮಾತ್ರ ಕಡಿಮೆ.

2013ರ ನಂತರ

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳ ಊಟ, ವಸತಿಗೆ ‘ವಿದ್ಯಾಸಿರಿ’ ತಿಂಗಳಿಗೆ ₹1,500ರಂತೆ 10 ತಿಂಗಳು ಕೊಟ್ಟಿತು. 2021ರ ರೈತ ವಿದ್ಯಾನಿಧಿಯಿಂದ ಅಳತೆಗೋಲು ಪಹಣಿಗೆ ಬಂತು. ಪದವಿಗೆ ಹುಡುಗರಿಗೆ ₹5,000, ಹುಡುಗಿಯರಿಗೆ ₹5,500. ಎಂಜಿನಿಯರಿಂಗ್, ವೈದ್ಯಕೀಯಕ್ಕೆ ₹10,000 ಮತ್ತು ₹11,000. ಪೋಷಕರು ರೈತರೆಂದು ಗುರುತಿಸಲು ‘ಫ್ರೂಟ್ಸ್’ ಸಂಖ್ಯೆ ಬೇಕು. ಜಮೀನು ಇನ್ನೂ ತಾತನ ಹೆಸರಿನಲ್ಲೇ ಇದ್ದು ಪೌತಿ ಖಾತೆಯಾಗದ ಮನೆಗಳಿಗೆ ತೊಡಕಾಗುವುದು ಇಲ್ಲೇ. ರೇಷ್ಮೆಯ ಊರಾದ ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆ ಬೆಳೆಯುವವರು ರೈತರ ಪಟ್ಟಿಗೆ ಸೇರಿದರೆ, ನೂಲು ಬಿಚ್ಚುವ ಕೂಲಿಯವರು ಹೊರಗೇ ಉಳಿಯುತ್ತಾರೆ. ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೂ ಯೋಜನೆ ವಿಸ್ತರಿಸಿದ್ದು 2022ರಲ್ಲಿ.

2024ರ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗಷ್ಟೇ ಜಾಮೀನಿಲ್ಲದ ಸಾಲ. ಅದಕ್ಕೂ ಹಿಂದೆ, 2023ರ ಮಾರ್ಚ್‌ನಲ್ಲಿ, ಮುದ್ದೇನಹಳ್ಳಿಯಲ್ಲೇ ಶುಲ್ಕವಿಲ್ಲದ ಶ್ರೀ ಮಧುಸೂದನ ಸಾಯಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾಗಿತ್ತು. ಅಲ್ಲಿ ಓದುವವರಿಗೆ ಶುಲ್ಕಕ್ಕೆಂದು ವೇತನವೂ ಬೇಡ, ಸಾಲವೂ ಬೇಡ. ಸೇರಲು ನೀಟ್ ರ‍್ಯಾಂಕ್ ಬೇಕು.